ಯೂರಿಯಾ ಚೀಲದಲ್ಲಿ ಮೂರು ಚಮಚ ಬೇವಿನೆಣ್ಣೆ: ಇನ್ನೂ ತಡೆಮದ್ದು ಬೇಕಾ?

ಸೊಸೈಟಿಯಿಂದ ತಂದ ಯೂರಿಯಾ ಚೀಲದ ಮೇಲೆ ‘ಬೇವು ಲೇಪಿತ’ ಎಂದು ಬರೆದಿರುತ್ತದೆ. ಅದನ್ನು ಓದುವವರು ಕಡಿಮೆ. 2015ರಲ್ಲಿ ಕೇಂದ್ರ ಸರ್ಕಾರ ದೇಶದಲ್ಲಿ ತಯಾರಾಗುವ ಅಷ್ಟೂ ಯೂರಿಯಾಕ್ಕೆ ಬೇವಿನೆಣ್ಣೆ ಲೇಪಿಸುವುದನ್ನು ಕಡ್ಡಾಯ ಮಾಡಿತು. ಅಂದರೆ ಯೂರಿಯಾ ಹಾಕುವ ನಾವೆಲ್ಲ, ಗೊತ್ತಿದ್ದೋ ಗೊತ್ತಿಲ್ಲದೆಯೋ, ಆಗಿನಿಂದಲೂ ಒಂದು ನೈಟ್ರಿಫಿಕೇಶನ್ ಇನ್ಹಿಬಿಟರ್ ಬಳಸುತ್ತಲೇ ಇದ್ದೇವೆ. ಹಾಗಾಗಿ ‘ಹಾಕಬೇಕಾ, ಬೇಡವಾ’ ಎಂದು ಕೇಳುವ ಕಾಲ ಮುಗಿದಿದೆ. ಚೀಲದಲ್ಲಿ ಇರುವಷ್ಟು ಸಾಕಾ? ಇನ್ನೂ ದುಡ್ಡು ಹಾಕುವುದಾದರೆ ಯಾವುದಕ್ಕೆ? ಈಗ ಕೇಳಬೇಕಾದದ್ದು ಇದು.

ಆ ಇಂಗ್ಲಿಷ್ ಹೆಸರು ಬಾಯಿಗೆ ತೊಡಕು. ಇಲ್ಲಿ ಸುಮ್ನೆ ‘ತಡೆಮದ್ದು’ ಎನ್ನುತ್ತೇನೆ. ಮಣ್ಣಿನಲ್ಲಿ ಗೊಬ್ಬರದ ಸಾರಜನಕ ನೈಟ್ರೇಟ್ ಆಗುವುದನ್ನು ನಿಧಾನ ಮಾಡುವ ವಸ್ತು ಅದು.

ಮೊದಲು ಗೊಬ್ಬರ ಓಡಿಹೋಗುವ ದಾರಿ ನೋಡೋಣ

45 ಕೆಜಿ ಯೂರಿಯಾ ಚೀಲದಲ್ಲಿ ಶೇ 46ರಷ್ಟು ಸಾರಜನಕ, ಅಂದರೆ 20.7 ಕೆಜಿ. ಮಣ್ಣಿಗೆ ಬಿದ್ದ ಯೂರಿಯಾ ಕೆಲವೇ ದಿನದಲ್ಲಿ ಅಮೋನಿಯಂ ಆಗುತ್ತದೆ. ಈ ಕೆಲಸ ಮಾಡುವುದು ಯೂರಿಯೇಸ್ ಎಂಬ ಕಿಣ್ವ. ಅಮೋನಿಯಂ ಒಳ್ಳೆಯ ಬಾಡಿಗೆದಾರ. ಜೇಡಿ ಕಣಗಳಿಗೆ ಅಂಟಿಕೊಂಡು ಇದ್ದಲ್ಲೇ ಇರುತ್ತದೆ. ಆದರೆ ಮಣ್ಣಿನ ಬ್ಯಾಕ್ಟೀರಿಯಾಗಳು ಅದನ್ನು ಬಿಡುವುದಿಲ್ಲ. ನೈಟ್ರೊಸೊಮೊನಾಸ್ ಜಾತಿಯವು ಅದನ್ನು ನೈಟ್ರೈಟ್ ಮಾಡುತ್ತವೆ, ಬೇರೆ ಕೆಲವು ಅದನ್ನೇ ನೈಟ್ರೇಟ್ ಮಾಡುತ್ತವೆ. 1890ರ ಸುಮಾರಿಗೇ ರಷ್ಯನ್ ವಿಜ್ಞಾನಿ ಸೆರ್ಗೆಯ್ ವಿನೊಗ್ರಾದ್‌ಸ್ಕಿ ಈ ಜೀವಿಗಳನ್ನು ಬೇರೆ ಮಾಡಿ ತೋರಿಸಿದ್ದರು. ನಮ್ಮ ಸೆಕೆಗೆ, ಹದವಾದ ತೇವ ಇದ್ದರೆ, ಎರಡು ಮೂರು ವಾರದಲ್ಲಿ ನೈಟ್ರೀಕರಣ ಎನ್ನುವ ಈ ಕೆಲಸ ಹೆಚ್ಚುಕಡಿಮೆ ಮುಗಿದೇ ಹೋಗುತ್ತದೆ.

ನೈಟ್ರೇಟ್ ಆಗುವುದು ತಪ್ಪಲ್ಲ. ಗಿಡ ಅದನ್ನೂ ತಿನ್ನುತ್ತದೆ. ಆದರೆ ನೈಟ್ರೇಟ್ ಮಣ್ಣಿಗೆ ಅಂಟುವುದಿಲ್ಲ. ಜೋರು ಮಳೆ ಬಂದರೆ ಬೇರಿನ ಕೆಳಗೆ ಇಳಿದುಹೋಗುತ್ತದೆ. ನೀರು ನಿಂತರೆ ಬೇರೆ ಬ್ಯಾಕ್ಟೀರಿಯಾಗಳು ಅದನ್ನು ಅನಿಲ ಮಾಡಿ ಗಾಳಿಗೆ ಬಿಡುತ್ತವೆ. ಆ ಅನಿಲದಲ್ಲಿ ಒಂದು ಪಾಲು ನೈಟ್ರಸ್ ಆಕ್ಸೈಡ್. ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 270 ಪಟ್ಟು ಜೋರು. ಬೇರೆ ದೇಶದ ಸರ್ಕಾರಗಳು ತಡೆಮದ್ದಿನ ಬಗ್ಗೆ ಇಷ್ಟು ಆಸಕ್ತಿ ತೋರಿಸುವುದು ಮುಖ್ಯವಾಗಿ ಈ ಕಾರಣಕ್ಕೆ. ಇಳುವರಿ ಅವರಿಗೆ ಎರಡನೇ ಮಾತು. ನಮಗೆ ಅದೇ ಮೊದಲ ಮಾತು, ಅಲ್ವಾ?

ಇವೆರಡು ದಾರಿಗಳಾದವು. ಇವಕ್ಕಿಂತ ಮೊದಲೇ ತೆರೆಯುವ ಇನ್ನೊಂದು ದಾರಿ ಇದೆ: ನೇರವಾಗಿ ಅಮೋನಿಯಾ ಆಗಿ ಗಾಳಿಗೆ ಹಾರುವುದು. ಇದನ್ನು ನಾನು ಮೂಗಿನಿಂದಲೇ ಕಲಿತೆ. ಒಂದು ಹಿಂಗಾರಿನಲ್ಲಿ ಎರೆ ಹೊಲದ ಗೋಧಿಗೆ ಮಧ್ಯಾಹ್ನ ಯೂರಿಯಾ ಎರಚಿದೆವು. ನೀರು ಬಿಡೋಣ ಎಂದರೆ ಎರಡು ದಿನ ಕರೆಂಟ್ ಇಲ್ಲ. ಮೂರನೇ ದಿನ ಬೆಳಿಗ್ಗೆ ಬದುವಿನ ಮೇಲೆ ನಿಂತರೆ ಮೂತ್ರದ ಘಾಟು. ಅದು ನಮ್ಮ ದುಡ್ಡಿನ ವಾಸನೆ. ಆ ಚೀಲವೂ ಬೇವು ಲೇಪಿತವೇ ಆಗಿತ್ತು.

ತಡೆಮದ್ದು ಮುಚ್ಚುವುದು ನೈಟ್ರೇಟ್‌ನ ದಾರಿಗಳನ್ನು ಮಾತ್ರ. ಅಮೋನಿಯಾದ ದಾರಿಯನ್ನು ಅದು ಮುಚ್ಚುವುದಿಲ್ಲ. ಮುಚ್ಚದಿರುವುದಷ್ಟೇ ಅಲ್ಲ, ಅಮೋನಿಯಂ ಜಾಸ್ತಿ ದಿನ ಹಾಗೇ ಉಳಿಯುವುದರಿಂದ ಆ ದಾರಿ ಇನ್ನಷ್ಟು ಅಗಲ ಆಗಬಹುದು. ಲೋಕದ ನಾನಾ ಕಡೆಯ ಪ್ರಯೋಗಗಳನ್ನು ಒಟ್ಟು ಹಾಕಿ ನೋಡಿದ 2015ರ ಒಂದು ವಿಶ್ಲೇಷಣೆಯಲ್ಲಿ, ತಡೆಮದ್ದಿನಿಂದ ಸಾರಜನಕ ಬಸಿದುಹೋಗುವುದು ಶೇ 48ರಷ್ಟು, ನೈಟ್ರಸ್ ಆಕ್ಸೈಡ್ ಶೇ 44ರಷ್ಟು ತಗ್ಗಿತ್ತು. ಅದೇ ವಿಶ್ಲೇಷಣೆಯಲ್ಲಿ ಅಮೋನಿಯಾ ನಷ್ಟ ಶೇ 20ರಷ್ಟು ಏರಿತ್ತು. ಮಾರುವವರು ಮೊದಲೆರಡು ಅಂಕಿ ಹೇಳುತ್ತಾರೆ. ಮೂರನೆಯದು ಅವರ ಬಾಯಲ್ಲಿ ಬರುವುದಿಲ್ಲ.

ಹಾಗಾಗಿ ಏನನ್ನಾದರೂ ಕೊಳ್ಳುವ ಮೊದಲು ನಿಮ್ಮ ಹೊಲದಿಂದ ಸಾರಜನಕ ಯಾವ ದಾರಿಯಲ್ಲಿ ಹೋಗುತ್ತಿದೆ ಎಂದು ನೋಡಿ. ಕೆಂಪು ಮರಳು ಮಣ್ಣು, ಜೋರು ಮಳೆ ಅಥವಾ ಧಾರಾಳ ನೀರು ಇದ್ದರೆ ಅದು ಕೆಳಗೆ ಇಳಿಯುತ್ತದೆ. ರಸಸಾರ (ಪಿಎಚ್) 8ರ ಮೇಲಿರುವ ಎರೆ ಮಣ್ಣಿನಲ್ಲಿ ಮೇಲೆ ಎರಚಿದರೆ ಹಾರಿಹೋಗುತ್ತದೆ. ಒಮ್ಮೆ ಒಣಗಿ ಒಮ್ಮೆ ನೀರು ನಿಲ್ಲುವ ಕಡೆ ಅನಿಲವಾಗುತ್ತದೆ.

ಚೀಲದೊಳಗೆ ಬಂದಿರುವ ಬೇವು

ನಿಯಮದ ಪ್ರಕಾರ ಯೂರಿಯಾದಲ್ಲಿ ಇರಬೇಕಾದ ಬೇವಿನೆಣ್ಣೆ ಕನಿಷ್ಠ 0.035 ಶೇಕಡಾ. 45 ಕೆಜಿ ಚೀಲಕ್ಕೆ ಲೆಕ್ಕ ಹಾಕಿ ನೋಡಿ: ಸುಮಾರು 16 ಗ್ರಾಂ. ಟೀ ಚಮಚದಲ್ಲಿ ಮೂರು ಚಮಚ, ಅಷ್ಟೇ.

ದೆಹಲಿಯ ಪೂಸಾದಲ್ಲಿರುವ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ 1970ರ ದಶಕದ ಮೊದಲಿಗೇ ರಾಜೇಂದ್ರ ಪ್ರಸಾದ್ ಮತ್ತು ಜೊತೆಗಾರರು ಬೇವಿನ ಮೇಲೆ ಕೆಲಸ ಶುರು ಮಾಡಿದ್ದರು. ಆ ಕಾಲದ ಪ್ರಯೋಗಗಳಲ್ಲಿ ಬಳಸಿದ್ದು ಬೇವಿನ ಹಿಂಡಿ. ಅದೂ ಯೂರಿಯಾದ ತೂಕದ ಹತ್ತನೇ ಒಂದು, ಐದನೇ ಒಂದು ಪಾಲಿನಷ್ಟು. ಅಲ್ಲಿ ಸಿಕ್ಕ ಫಲವನ್ನು ಈ ಮೂರು ಚಮಚದಿಂದ ಬಯಸಿದರೆ ಆಸೆ ಸ್ವಲ್ಪ ಜಾಸ್ತಿಯಾಯಿತು. 

ಹಾಗಾದರೆ ಕಡ್ಡಾಯ ಮಾಡಿದ್ದು ಸುಮ್ನೆಯಾ? ಅಲ್ಲ. ರಿಯಾಯಿತಿ ಯೂರಿಯಾ ಪ್ಲೈವುಡ್ ಅಂಟಿಗೆ, ಕಲಬೆರಕೆ ಹಾಲಿಗೆ ಹೋಗುತ್ತಿತ್ತು. ಬೇವಿನೆಣ್ಣೆ ಬಿದ್ದ ಯೂರಿಯಾ ಆ ಕೆಲಸಕ್ಕೆ ಒಗ್ಗುವುದಿಲ್ಲ. ಲೇಪನದ ದೊಡ್ಡ ಉದ್ದೇಶ ಅದೂ ಆಗಿತ್ತು.

ಇಳುವರಿಯ ಬಗ್ಗೆ ನಮ್ಮ ಬೆಂಗಳೂರಿನದೇ ಒಂದು ಅಧ್ಯಯನ ಇದೆ. ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ, ಅಂದರೆ ನಾಗರಬಾವಿಯ ಐಸೆಕ್, ಆರು ರಾಜ್ಯಗಳ ರೈತರನ್ನು ಮಾತಾಡಿಸಿತು. ಬೇವು ಲೇಪಿತ ಯೂರಿಯಾದಿಂದ ಭತ್ತದಲ್ಲಿ ಶೇ 5.79, ಮೆಕ್ಕೆಜೋಳದಲ್ಲಿ ಶೇ 7.14, ಕಬ್ಬಿನಲ್ಲಿ ಶೇ 17.5 ಇಳುವರಿ ಹೆಚ್ಚಾಗಿದೆ ಎಂದು ಲೆಕ್ಕ ಬಂತು. ಭತ್ತ, ಮೆಕ್ಕೆಜೋಳದ ಅಂಕಿ ನಂಬುವಂತಿವೆ. ಕಬ್ಬಿನದು ನನಗೆ ದೊಡ್ಡದಾಗಿ ಕಾಣುತ್ತದೆ. ಇದು ರೈತರ ಮಾತಿನ ಮೇಲೆ ನಿಂತ ಸಮೀಕ್ಷೆ. ಪಕ್ಕಪಕ್ಕದ ತಾಕಿನಲ್ಲಿ ತೂಕ ಹಾಕಿದ್ದಲ್ಲ. ಒಂದು ವರ್ಷಕ್ಕೂ ಇನ್ನೊಂದು ವರ್ಷಕ್ಕೂ ಮಳೆಯೇ ಬೇರೆ ಇರುತ್ತದೆ.

ಬೇಕೆಂದರೂ ಬೇಡವೆಂದರೂ ಇದು ಬಂದೇ ಬರುತ್ತದೆ. ಇದರ ಮೇಲೆ ಇನ್ನೇನು ಹಾಕಿದರೆ ಲಾಭ ಎಂಬುದಷ್ಟೇ ನೋಡಬೇಕು.

ಮನೆಯಲ್ಲೇ ಬೆರೆಸುವ ಹಿಂಡಿ

ಐದು ಪಾಲು ಯೂರಿಯಾ, ಒಂದು ಪಾಲು ಪುಡಿ ಮಾಡಿದ ಬೇವಿನ ಹಿಂಡಿ. ಚೀಲಕ್ಕೆ 9 ಕೆಜಿ ಹಿಂಡಿ ಬೇಕು. ಸಂಜೆ ನೆರಳಲ್ಲಿ ಚೆನ್ನಾಗಿ ಬೆರೆಸಿ, ರಾತ್ರಿಯಿಡೀ ಗೋಣಿ ಮುಚ್ಚಿಟ್ಟು, ಮರುದಿನ ಹಾಕಬೇಕು. ಹಿಂದೆ ಸ್ವಲ್ಪ ಡಾಂಬರನ್ನು ಸೀಮೆಎಣ್ಣೆಯಲ್ಲಿ ಕರಗಿಸಿ ಯೂರಿಯಾಕ್ಕೆ ಸವರಿ, ಆಮೇಲೆ ಹಿಂಡಿ ಉದುರಿಸುವ ಪದ್ಧತಿಯೂ ಇತ್ತು. ಹಿಂಡಿ ಚೆನ್ನಾಗಿ ಅಂಟುತ್ತಿತ್ತು. ಕೈಗೂ ಅಂಟುತ್ತಿತ್ತು. ಈಗ ಸೀಮೆಎಣ್ಣೆಯೂ ಸಿಗುವುದಿಲ್ಲ, ಅದನ್ನು ಬಿಡಿ.

ಹೊಂಗೆ ಹಿಂಡಿಯೂ ಇದೇ ಕೆಲಸ ಮಾಡುತ್ತದೆ. ಹೊಂಗೆ ಬೀಜದಲ್ಲಿರುವ ಕರಂಜಿನ್ ಎಂಬ ವಸ್ತು ನೈಟ್ರೀಕರಣವನ್ನು ತಡೆಯುತ್ತದೆ ಎಂಬುದು ಪ್ರಯೋಗಗಳಲ್ಲಿ ಚೆನ್ನಾಗಿಯೇ ಕಂಡಿದೆ. ಬದುವಿನಲ್ಲಿ ಹೊಂಗೆ ಮರ ಇದ್ದು, ಹತ್ತಿರದಲ್ಲಿ ಗಾಣ ಇದ್ದರೆ ಬೇವಿಗಾಗಿ ಹುಡುಕುತ್ತಾ ಹೋಗಬೇಕಿಲ್ಲ.

ಇದರ ಒಳ್ಳೆಯ ಗುಣ ಎಂದರೆ ಹಿಂಡಿ ಬರೀ ತಡೆಮದ್ದಲ್ಲ, ಅದೂ ಗೊಬ್ಬರ. ಕೆಲಸ ಮಾಡದಿದ್ದರೂ ದುಡ್ಡು ಪೂರ್ತಿ ಮಣ್ಣುಪಾಲಾಗುವುದಿಲ್ಲ. ಮಣ್ಣುಪಾಲಾದರೂ ಒಳ್ಳೆಯದೇ! ಕೆಟ್ಟ ಗುಣ ಎಂದರೆ ಹಿಂಡಿಯ ಗುಣಮಟ್ಟ. ಎಣ್ಣೆ ಪೂರ್ತಿ ಹಿಂಡಿ ತೆಗೆದ ಹಿಂಡಿಯಲ್ಲಿ ಕಹಿ ಕಡಿಮೆ. ನಾಲಿಗೆ ತುದಿಗೆ ಇಟ್ಟರೆ ಕಹಿ ಹತ್ತಬೇಕು, ಮೂಗಿಗೆ ವಾಸನೆ ಹೊಡೆಯಬೇಕು. ಮರದ ಪುಡಿಯಂತಿದ್ದರೆ ವಾಪಸ್ ಕೊಡಿ. ಬೆರೆಸಿದ್ದನ್ನು ದಿನಗಟ್ಟಲೆ ಇಡಬೇಡಿ, ಯೂರಿಯಾ ನೀರು ಹೀರಿ ಗಟ್ಟಿಯಾಗುತ್ತದೆ. ಹತ್ತು ಎಕರೆಗೆ ಬೆರೆಸುವುದಾದರೆ ಕೂಲಿಯ ಲೆಕ್ಕ ಹಾಕಿ. ಎರಡು ಮೂರು ಎಕರೆಯವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಕಾರ್ಖಾನೆಯ ತಡೆಮದ್ದುಗಳು

ಲೋಕದಲ್ಲಿ ಹೆಚ್ಚು ಓಡುವುದು ಮೂರು: ನೈಟ್ರಾಪೈರಿನ್, ಡಿಸಿಡಿ, ಡಿಎಂಪಿಪಿ.

ನೈಟ್ರಾಪೈರಿನ್ 1960ರ ದಶಕದಲ್ಲಿ ಅಮೆರಿಕದಲ್ಲಿ ಬಂದದ್ದು. ಅಲ್ಲಿನ ಮೆಕ್ಕೆಜೋಳದ ಸೀಮೆಯಲ್ಲಿ ಕೆಲವರು ಚಳಿಗಾಲಕ್ಕೆ ಮುಂಚೆಯೇ ಅಮೋನಿಯಾ ಅನಿಲವನ್ನು ಮಣ್ಣಿನೊಳಗೆ ತುಂಬಿಡುತ್ತಾರೆ. ಬಿತ್ತುವುದು ಮುಂದಿನ ವಸಂತದಲ್ಲಿ. ಅಷ್ಟು ತಿಂಗಳು ಅಮೋನಿಯಂ ಹಾಗೇ ಇರಬೇಕು. ಅವರಿಗೆ ತಡೆಮದ್ದು ಅನಿವಾರ್ಯ. ನಮ್ಮಲ್ಲಿ ಯಾರೂ ಆರು ತಿಂಗಳು ಮುಂಚೆ ಗೊಬ್ಬರ ಹಾಕುವುದಿಲ್ಲ. ಅವರ ಪ್ರಯೋಗದ ಅಂಕಿಯನ್ನು ಇಲ್ಲಿನ ಜಾಹೀರಾತಿನಲ್ಲಿ ನೋಡಿದರೆ ಇದು ನೆನಪಿರಲಿ. ಮೇಲಾಗಿ ಅದು ಬೇಗ ಆವಿಯಾಗುವ ವಸ್ತು. ಮಣ್ಣಿನೊಳಗೆ ಸೇರಿಸಲೇಬೇಕು.

ಡಿಸಿಡಿ ನೀರಿನಲ್ಲಿ ಸಲೀಸಾಗಿ ಕರಗುತ್ತದೆ. ಹರಳು ಯೂರಿಯಾದ ಜೊತೆ ಬೆರೆಯಲು ಅದು ಅನುಕೂಲ. ಆದರೆ ಜೋರು ಮಳೆಯಲ್ಲಿ ಅಮೋನಿಯಂ ಮೇಲೇ ಉಳಿದು, ಡಿಸಿಡಿ ಕೆಳಗೆ ಇಳಿದುಹೋಗಬಹುದು. ಕಾವಲುಗಾರ ಮೊದಲೇ ಊರು ಬಿಟ್ಟ ಹಾಗೆ. ಸೆಕೆಯಂತೂ ಅದರ ದೊಡ್ಡ ಶತ್ರು. ಮಣ್ಣು 8 ಡಿಗ್ರಿ ಇದ್ದಾಗ ಡಿಸಿಡಿ ಕೊಳೆತು ಅರ್ಧಕ್ಕೆ ಇಳಿಯಲು ಸುಮಾರು 110 ದಿನ ಬೇಕು. 20 ಡಿಗ್ರಿಗೆ ಅದು ಮೂರು ವಾರದ ಆಸುಪಾಸಿಗೆ ಇಳಿಯುತ್ತದೆ. ಮುಂಗಾರಿನ ನಮ್ಮ ಮಣ್ಣು ಇನ್ನೂ ಬಿಸಿ. ಡಿಸಿಡಿ ಮಾತ್ರ ಅಂತಲ್ಲ, ಬಿಸಿ ಮಣ್ಣಿನಲ್ಲಿ ಯಾವ ತಡೆಮದ್ದಿನ ಆಯಸ್ಸೂ ಕಡಿಮೆಯೇ.

ಹೈನುಗಾರಿಕೆ ಇರುವವರು ಇನ್ನೊಂದು ಸಂಗತಿ ತಿಳಿದಿರಬೇಕು. ನ್ಯೂಜಿಲೆಂಡಿನಲ್ಲಿ ಹುಲ್ಲುಗಾವಲಿಗೆ ಡಿಸಿಡಿ ಸಿಂಪಡಿಸುತ್ತಿದ್ದರು. ಹಾಲಿನಲ್ಲಿ ಅದರ ಉಳಿಕೆ ಸಿಕ್ಕಿತು. ಪ್ರಮಾಣ ತೀರಾ ಕಡಿಮೆ, ಆರೋಗ್ಯಕ್ಕೆ ಅಪಾಯ ಎಂದು ಯಾರೂ ಹೇಳಲಿಲ್ಲ. ಆದರೂ ಹಾಲಿನ ವ್ಯಾಪಾರದ ಹೆದರಿಕೆಗೆ 2013ರ ಜನವರಿಯಲ್ಲಿ ಕಂಪನಿಗಳು ಮಾರಾಟವನ್ನೇ ನಿಲ್ಲಿಸಿದವು. ಹಸುವಿಗೆ ಕೊಯ್ಯುವ ನೇಪಿಯರ್ ಹುಲ್ಲಿಗೆ ನಾನಂತೂ ಡಿಸಿಡಿ ಹಾಕುವುದಿಲ್ಲ.

ಡಿಎಂಪಿಪಿ ಮೂರರಲ್ಲಿ ಹೊಸದು, ಜರ್ಮನಿಯ ಬಿಎಎಸ್‌ಎಫ್ ಕಂಪನಿ ತಂದದ್ದು. ಡಿಸಿಡಿ ಹೆಕ್ಟೇರಿಗೆ 10 ಕೆಜಿಯಷ್ಟು ಬೇಕಾದರೆ ಇದು ಒಂದು ಕೆಜಿಯ ಸುತ್ತಮುತ್ತ ಸಾಕು. ಮಣ್ಣಿನಲ್ಲಿ ಅಷ್ಟಾಗಿ ಓಡಾಡುವುದಿಲ್ಲ, ಅಮೋನಿಯಂ ಹತ್ತಿರವೇ ಉಳಿಯುತ್ತದೆ. ಮೂರರಲ್ಲಿ ಒಂದನ್ನು ಆರಿಸು ಎಂದರೆ ನಾನು ಇದನ್ನೇ ಆರಿಸುತ್ತೇನೆ. ಬೆಲೆ ಮಾತ್ರ ಬೇವಿನ ಹಿಂಡಿಯ ಹತ್ತಿರಕ್ಕೆ ಬರುವಂಥದ್ದಲ್ಲ.

ಅಂಗಡಿಯಲ್ಲಿ ‘ಯೂರಿಯಾ ಜೊತೆ ಬೆರೆಸಿ, ಇಳುವರಿ ಡಬಲ್’ ಎಂದು ಹೊಳೆಯುವ ಪೊಟ್ಟಣ ಕೊಟ್ಟರೆ ಹಿಂಬದಿ ತಿರುಗಿಸಿ. ಒಳಗಿನ ವಸ್ತುವಿನ ಹೆಸರು, ಶೇಕಡಾ ಎಷ್ಟು ಎಂಬುದು ಇರಬೇಕು. ನಾನೊಮ್ಮೆ ಹಾಗೆ ಬೆರೆಸಿದ ಪೊಟ್ಟಣದ ಹಿಂದೆ ಇದ್ದದ್ದು ಬರೀ ತೆನೆಯ ಚಿತ್ರ. ಹೊಲದಲ್ಲೂ ಅಷ್ಟೇ ಕಂಡಿತು.

ತಡೆಮದ್ದಲ್ಲದ, ಆದರೆ ಅದೇ ಕಪಾಟಿನಲ್ಲಿರುವವು

ಎನ್‌ಬಿಪಿಟಿ ಎಂಬುದು ಯೂರಿಯೇಸ್ ಕಿಣ್ವವನ್ನು ತಡೆಯುತ್ತದೆ. ಯೂರಿಯಾ ಅಮೋನಿಯಾ ಆಗುವುದನ್ನೇ ಒಂದೆರಡು ವಾರ ನಿಧಾನ ಮಾಡುತ್ತದೆ. ನನ್ನ ಗೋಧಿಗೆ ಬೇಕಿದ್ದದ್ದು ಇದು. ಎರೆ ಮಣ್ಣು, ಮೇಲೆ ಎರಚುವ ಪದ್ಧತಿ, ಮಳೆ ಯಾವಾಗ ಬರುತ್ತದೋ ಗೊತ್ತಿಲ್ಲ ಎಂಬ ಕಡೆ ಬೇವಿಗಿಂತ ಇದರ ಕೆಲಸವೇ ಜಾಸ್ತಿ. ಆದರೆ ಎಡೆಕುಂಟೆ ಹೊಡೆದು ಯೂರಿಯಾವನ್ನು ಎರಡು ಮೂರು ಇಂಚು ಮಣ್ಣಿನಲ್ಲಿ ಮುಚ್ಚಿದರೆ ಇದರ ಅಗತ್ಯವೇ ಬೀಳುವುದಿಲ್ಲ.

ಸಲ್ಫರ್ ಲೇಪಿತ ಯೂರಿಯಾ, ಅಂದರೆ 2023ರಲ್ಲಿ ಬಂದ ‘ಯೂರಿಯಾ ಗೋಲ್ಡ್’, ಗಂಧಕದ ಹೊದಿಕೆಯಿಂದ ನಿಧಾನ ಕರಗುತ್ತದೆ. ಇಲ್ಲಿ ಚೀಲದ ಲೆಕ್ಕ ಸ್ವಲ್ಪ ಹುಷಾರಾಗಿ ಮಾಡಬೇಕು. ಶೇ 37 ಸಾರಜನಕ, ಶೇ 17 ಗಂಧಕ. 40 ಕೆಜಿ ಚೀಲದಲ್ಲಿ ಸಾರಜನಕ 14.8 ಕೆಜಿ, ಗಂಧಕ 6.8 ಕೆಜಿ. ನಿಗದಿ ಮಾಡಿದ ಬೆಲೆ 266.50 ರೂಪಾಯಿ, ಮಾಮೂಲಿ 45 ಕೆಜಿ ಯೂರಿಯಾ ಚೀಲದಷ್ಟೇ. ಮೂರು ಚೀಲ ಮಾಮೂಲಿ ಯೂರಿಯಾದ ಸಾರಜನಕ ಬೇಕೆಂದರೆ ಇದು ನಾಲ್ಕು ಚೀಲಕ್ಕೂ ಮೇಲೆ ಬೇಕು. ಶೇಂಗಾ, ಸೂರ್ಯಕಾಂತಿ, ಈರುಳ್ಳಿಗೆ ಹೇಗೂ ಗಂಧಕ ಬೇಕು, ಅಲ್ಲಿ ಒಳ್ಳೆಯ ವ್ಯಾಪಾರ. ಬರೀ ಸಾರಜನಕಕ್ಕಾಗಿ ಕೊಳ್ಳುವುದಾದರೆ ಯೋಚಿಸಿ.

ನ್ಯಾನೋ ಯೂರಿಯಾ ಎಲೆಗೆ ಸಿಂಪಡಿಸುವಂಥದ್ದು. ಈ ಸಾಲಿಗೆ ಸೇರುವುದಿಲ್ಲ.

ದುಡ್ಡಿಲ್ಲದ ಎದುರಾಳಿ: ಕಂತು

ಮೂರು ಚೀಲ ಒಟ್ಟಿಗೆ ಹಾಕುವ ಬದಲು ಮೂರು ಸಲ ಒಂದೊಂದು ಹಾಕಿದರೆ, ಒಂದು ಜೋರು ಮಳೆಗೆ ಕೊಚ್ಚಿಹೋಗುವುದು ಒಂದು ಚೀಲದ್ದು ಮಾತ್ರ. ತಡೆಮದ್ದು ಮಾಡುವುದೂ ಹೆಚ್ಚುಕಡಿಮೆ ಇದೇ ಕೆಲಸ: ಗಿಡ ಕೇಳುವ ಹೊತ್ತಿಗೆ ಸಾರಜನಕ ಉಳಿಸಿಡುವುದು. ಈಗಾಗಲೇ ಸರಿಯಾಗಿ ಮೂರು ಕಂತು ಮಾಡುವವರಿಗೆ ತಡೆಮದ್ದಿನಿಂದ ಸಿಗುವ ಹೆಚ್ಚುವರಿ ಲಾಭ ಕಡಿಮೆ. ಹನಿ ನೀರಾವರಿಯಲ್ಲಿ ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ಬಿಡುವವರಿಗೆ ಬೇಕೇ ಇಲ್ಲ ಎನ್ನಬಹುದು. 

ತಡೆಮದ್ದು ಗೆಲ್ಲುವುದು ಕಂತು ಆಗದ ಕಡೆ. ಆಳು ಸಿಗುವುದಿಲ್ಲ, ಮೆಕ್ಕೆಜೋಳ ಎದೆಯುದ್ದ ಬೆಳೆದ ಮೇಲೆ ಒಳಗೆ ಹೋಗಲಾಗುವುದಿಲ್ಲ, ಮಳೆ ಬಿಡುವುದೇ ಇಲ್ಲ. ಅಂಥಲ್ಲಿ ಮೂರು ಕಂತನ್ನು ಎರಡಕ್ಕೆ ಇಳಿಸಿ, ಹಿಂಡಿ ಬೆರೆಸಿ ಮುಚ್ಚುವುದು ಜಾಣತನ.

ಯಾವ ಬೆಳೆಗೆ ಯಾವುದು

ಭತ್ತದಿಂದ ಶುರು ಮಾಡೋಣ, ಅಲ್ಲೇ ಜಾಸ್ತಿ ಗೊಂದಲ. ಕೆಸರು ಮಾಡಿ ನಾಟಿ ಹಾಕಿ, ಸದಾ ನೀರು ನಿಲ್ಲಿಸುವ ಗದ್ದೆಯಲ್ಲಿ ಗಾಳಿಯಿಲ್ಲ. ಹಾಗಾಗಿ ನೈಟ್ರೇಟ್ ಆಗುವುದು ಸ್ವಲ್ಪ ಗಾಳಿ ಸಿಗುವ ಮೇಲಿನ ತೆಳು ಪದರದಲ್ಲಿ, ಬೇರಿನ ಸುತ್ತ ಮಾತ್ರ. ಅಲ್ಲಿ ದೊಡ್ಡ ನಷ್ಟ ಅಮೋನಿಯಾದ್ದು. ಮಧ್ಯಾಹ್ನ ನಿಂತ ನೀರಿನಲ್ಲಿ ಪಾಚಿ ಬಿಸಿಲು ತಿಂದು ನೀರಿನ ರಸಸಾರ ಏರಿಸುತ್ತದೆ, ಆಗ ಎರಚಿದ ಯೂರಿಯಾ ಬೇಗ ಹಾರುತ್ತದೆ. ಅಂಥ ಗದ್ದೆಗೆ ನೀರು ಬಸಿದು, ಸಂಜೆ ಹಾಕಿ, ಮಾರನೆ ದಿನ ನೀರು ಕಟ್ಟುವುದು ಯಾವ ಪೊಟ್ಟಣಕ್ಕಿಂತ ಮೇಲು. ಎಲೆಯ ಹಸಿರನ್ನು ಹೋಲಿಸಿ ನೋಡುವ ಬಣ್ಣದ ಪಟ್ಟಿ ಹಿಡಿದು ನೋಡಿ ಹಾಕಿದರೆ ಇನ್ನೂ ಒಳ್ಳೆಯದು. 

ಆದರೆ ತುಂಗಭದ್ರಾ ಕಾಲುವೆ ಪ್ರದೇಶದಲ್ಲಿ ಈಗ ಹಲವರು ಕೂರಿಗೆಯಿಂದ ಒಣ ಬಿತ್ತನೆ ಮಾಡುತ್ತಾರೆ. ಅಲ್ಲಿ ಕತೆಯೇ ಬೇರೆ. ಮೊದಲ ವಾರಗಳಲ್ಲಿ ಮಣ್ಣು ಹೊಲದ ಹಾಗೆ ಇರುತ್ತದೆ, ನೈಟ್ರೇಟ್ ಚೆನ್ನಾಗಿ ಆಗುತ್ತದೆ. ಆಮೇಲೆ ಕಾಲುವೆ ನೀರು ಬಂದು ನಿಂತರೆ ಅಷ್ಟೂ ಅನಿಲ. ತಡೆಮದ್ದಿಗೆ ಇದಕ್ಕಿಂತ ಒಳ್ಳೆಯ ಜಾಗ ಭತ್ತದಲ್ಲಿ ಇಲ್ಲ. ಒಣಗಿಸಿ ನೀರು ಕೊಡುವ ಪದ್ಧತಿಗೂ ಇದೇ ಮಾತು.

ಮೆಕ್ಕೆಜೋಳ ಕೆಂಪು ಮಣ್ಣಿನಲ್ಲಿದ್ದು ಮಳೆ ಅಥವಾ ನೀರು ಧಾರಾಳ ಇದ್ದರೆ ತಡೆಮದ್ದು ಯೋಚಿಸಬಹುದು. 2014ರಲ್ಲಿ ಬಂದ ಒಂದು ದೊಡ್ಡ ವಿಶ್ಲೇಷಣೆ ನೈಟ್ರೀಕರಣ ತಡೆ, ಯೂರಿಯೇಸ್ ತಡೆ ಎರಡನ್ನೂ ಸೇರಿಸಿ ನೋಡಿತ್ತು. ಸರಾಸರಿ ಇಳುವರಿ ಶೇ 7.5 ಹೆಚ್ಚಾಗಿತ್ತು. ಅದರಲ್ಲೂ ಮರಳು ಮಿಶ್ರ ಮಣ್ಣು, ನೀರಾವರಿ, ಹೆಚ್ಚು ಸಾರಜನಕ ಕೊಡುವ ಕಡೆ ಲಾಭ ಜಾಸ್ತಿ ಕಂಡಿತು. ಕಬ್ಬು ಈ ವಿವರಣೆಗೆ ಸರಿಯಾಗಿ ಕೂರುತ್ತದೆ: ಹೆಕ್ಟೇರಿಗೆ 250 ಕೆಜಿ ಸಾರಜನಕ, ಸಾಲಿನಲ್ಲಿ ನೀರು ಹರಿಸುವ ಪದ್ಧತಿ. ಮಣ್ಣು ಏರಿಸುವಾಗ ಹಿಂಡಿ ಬೆರೆಸಿ ಬೋದಿನೊಳಗೆ ಮುಚ್ಚಿ.

ಮಳೆಯಾಶ್ರಿತ ರಾಗಿಗೆ ಹಾಕುವುದೇ ಸ್ವಲ್ಪ. ಮಳೆ ಬಿದ್ದ ಮೇಲೆ ಮೇಲುಗೊಬ್ಬರ ಕೊಟ್ಟರೆ ಸಾಕು. ಹುಣಸೂರು, ಪಿರಿಯಾಪಟ್ಟಣದ ತಂಬಾಕಿನವರು ಮಾತ್ರ ದೂರ ಇರಿ. ತಡವಾಗಿ ಸಾರಜನಕ ಸಿಕ್ಕರೆ ಎಲೆ ಹಣ್ಣಾಗುವುದಿಲ್ಲ, ಎಲೆ ಹದ ಮಾಡುವ ಬ್ಯಾರನ್‌ನಲ್ಲಿ ಬಣ್ಣ ಕೆಡುತ್ತದೆ.

ಜೋಳ ಬೆಳೆಯುವವರಿಗೆ ಒಂದು ಖುಷಿಯ ಸಂಗತಿ. ಜೋಳದ ಬೇರು ತಾನೇ ಸೊರ್ಗೊಲಿಯೋನ್ ಎಂಬ ವಸ್ತು ಬಿಟ್ಟು ನೈಟ್ರೀಕರಣವನ್ನು ತಡೆಯುತ್ತದೆ. ಜಪಾನಿನ ಜಿರ್ಕಾಸ್ ಸಂಸ್ಥೆಯಲ್ಲಿ ಜಿ. ವಿ. ಸುಬ್ಬರಾವ್ ಮತ್ತು ತಂಡ ಇಂಥ ಗುಣವನ್ನು ಕಾಡು ಹುಲ್ಲೊಂದರಿಂದ ಗೋಧಿಗೆ ತಂದು 2021ರಲ್ಲಿ ಪ್ರಕಟಿಸಿತು. ಬೀಜ ನಮ್ಮ ಕೈಗೆ ಬರುವ ತನಕ ಹಿಂಡಿಯೇ ಗತಿ.

ದುಡ್ಡಿನ ಲೆಕ್ಕ

ನೀರಾವರಿ ಮೆಕ್ಕೆಜೋಳಕ್ಕೆ ಎಕರೆಗೆ 60 ಕೆಜಿ ಸಾರಜನಕ, ಹತ್ತಿರಹತ್ತಿರ ಮೂರು ಚೀಲ ಯೂರಿಯಾ, 800 ರೂಪಾಯಿ. ತಡೆಮದ್ದಿನಿಂದ ಶೇ 15 ಯೂರಿಯಾ ಉಳಿಯಿತು ಎನ್ನಿ. ಉಳಿದದ್ದು 120 ರೂಪಾಯಿ. ಇಷ್ಟು ಅಗ್ಗದ ಯೂರಿಯಾ ಇರುವ ದೇಶದಲ್ಲಿ ಗೊಬ್ಬರ ಉಳಿಸಿ ತಡೆಮದ್ದಿನ ಖರ್ಚು ಹುಟ್ಟಿಸುವುದು ಆಗದ ಮಾತು. ಲಾಭ ಬರುವುದಾದರೆ ಇಳುವರಿಯಿಂದಲೇ ಬರಬೇಕು. ಎಕರೆಗೆ 25 ಕ್ವಿಂಟಲ್ ಬೆಳೆಯುವ ಕಡೆ ಶೇ 5 ಹೆಚ್ಚಾದರೆ 1.25 ಕ್ವಿಂಟಲ್. ಕ್ವಿಂಟಲ್‌ಗೆ 2,000 ರೂಪಾಯಿ ಹಿಡಿದರೂ 2,500 ರೂಪಾಯಿ. ಹಿಂಡಿ, ಕೂಲಿ ಕಳೆದರೂ ಕೈಗೆ ಉಳಿಯುತ್ತದೆ.

ಆದರೆ ಆ ಶೇ 5 ಬರುವುದು ಬೆಳೆಗೆ ಸಾರಜನಕ ಸಾಲದೆ ಇದ್ದಾಗ ಮಾತ್ರ. ಮೂರು ಚೀಲ ಸಾಕಾಗುವಲ್ಲಿ ಐದು ಸುರಿಯುವವರಿಗೆ ತಡೆಮದ್ದು ಏನೂ ತೋರಿಸುವುದಿಲ್ಲ. ಅಂಥವರು ಮೊದಲು ಒಂದು ಚೀಲ ಕಡಿಮೆ ಮಾಡಿ ನೋಡಲಿ.

ನಿಮ್ಮ ಹೊಲದಲ್ಲೇ ಪರೀಕ್ಷೆ ಮಾಡುವುದು ಕಷ್ಟವಲ್ಲ. ಒಂದೇ ಬಗೆಯ ಮಣ್ಣಿರುವ ಕಡೆ ಹತ್ತು ಸಾಲು ಹಿಂಡಿ ಬೆರೆಸಿದ್ದು, ಪಕ್ಕದ ಹತ್ತು ಸಾಲು ಬರೀ ಯೂರಿಯಾ, ಅದರ ಪಕ್ಕ ಮತ್ತೆ ಹತ್ತು ಹಿಂಡಿ, ಹತ್ತು ಬರೀ. ಯೂರಿಯಾ ಎಲ್ಲಕ್ಕೂ ಒಂದೇ ಅಳತೆ, ಒಂದೇ ದಿನ. ಬದುವಿನ ಅಂಚಿನ ಸಾಲು ಲೆಕ್ಕಕ್ಕೆ ಬೇಡ. ಹಸಿರು ನೋಡಿ ಮೋಸ ಹೋಗಬೇಡಿ, ಎಲೆ ಕಪ್ಪಾಗಿ ಕಂಡರೂ ಕಾಳು ಅಷ್ಟೇ ಇರಬಹುದು. ಒಕ್ಕಿ, ಒಣಗಿಸಿ, ತೂಕ ಹಾಕಿ. ಕಟಾವಿಗೆ ಬರುವ ಆಳುಗಳಿಗೆ ಮಾತ್ರ ಹಿಂದಿನ ದಿನವೇ ಹೇಳಿ, ಸಾಲಿಗೆ ಬಣ್ಣದ ದಾರ ಕಟ್ಟಿಡಿ. ಇಲ್ಲದಿದ್ದರೆ ನಾಲ್ಕೂ ಪಟ್ಟೆಯ ತೆನೆ ಒಂದೇ ರಾಶಿಗೆ ಬಿದ್ದಿರುತ್ತದೆ.